ಗಾಡಿಯೊಳಗೆ ಯಾರೂ ಇಲ್ಲ

ಊರೊಳಗೇ ಕ್ಯಾಂಪರ್, ಅಂದರೆ ಒಳಗೇ ಮಲಗಲು ಅನುಕೂಲ ಮಾಡಿಕೊಂಡ ವ್ಯಾನ್, ನಿಲ್ಲಿಸಿ ಮಲಗುತ್ತೇನೆ ಅಂದರೆ ಎಲ್ಲರೂ ಮೊದಲು ಕೇಳುವುದು ಪೊಲೀಸರ ಬಗ್ಗೆ. ಬಂದು ಎಬ್ಬಿಸಲ್ವಾ ಅಂತ. ಅಪರೂಪಕ್ಕೆ ಎಬ್ಬಿಸುತ್ತಾರೆ. ಆದರೆ ಪೊಲೀಸರು ತಾವಾಗಿಯೇ ಹುಡುಕಿಕೊಂಡು ಬರುವುದು ಕಡಿಮೆ. ಯಾರೋ ಫೋನ್ ಮಾಡಿರುತ್ತಾರೆ, ಅದಕ್ಕೆ ಬರುತ್ತಾರೆ. ಫೋನ್ ಮಾಡಿದವರು ಎದುರು ಮನೆಯ ಕಿಟಕಿಯಲ್ಲಿ ನಿಂತವರು. ಆ ಬೀದಿಯಲ್ಲಿ ಯಾರ ಕಾರು ಎಲ್ಲಿ ನಿಲ್ಲುತ್ತದೆ, ಯಾರು ಎಷ್ಟು ಹೊತ್ತಿಗೆ ಮನೆಗೆ ಬರುತ್ತಾರೆ, ಎಲ್ಲಾ ಅವರಿಗೆ ಬಾಯಿಪಾಠ. ಹೊಸ ಗಾಡಿಯೊಂದು ನಿಂತಿದೆ ಅನ್ನುವುದು ಅವರಿಗೆ ಗೊತ್ತಾಗಿಯೇ ಆಗುತ್ತದೆ. ಆರು ಮೀಟರ್ ಉದ್ದದ ಗಾಡಿಯನ್ನು ಎಲ್ಲಿ ಅಂತ ಬಚ್ಚಿಡುತ್ತೀರಿ? ಗಾಡಿ ಕಾಣಲಿ ಬಿಡಿ. ಒಳಗೆ ಮನುಷ್ಯರಿದ್ದಾರೆ ಅನ್ನುವುದು ಕಾಣಬಾರದು. ನನ್ನ ಲೆಕ್ಕಾಚಾರವೆಲ್ಲ ಇಷ್ಟರ ಸುತ್ತಲೇ.

ನಾನು ನಾಟಕಗಳಿಗೆ ಲೈಟಿಂಗ್ ಮಾಡುವವಳು. ತಮ್ಮ ಅದೇ ತಂಡಕ್ಕೆ ಸೌಂಡ್ ನೋಡಿಕೊಳ್ಳುತ್ತಾನೆ. ಶೋ ಮುಗಿದು, ಲೈಟು ಇಳಿಸಿ, ಕೇಬಲ್ ಸುತ್ತಿಟ್ಟು ಹೊರಬೀಳುವಷ್ಟರಲ್ಲಿ ನಡುರಾತ್ರಿ ಆಗಿರುತ್ತದೆ. ಊರಾಚೆ ಕ್ಯಾಂಪರ್‌ಗಳಿಗೆಂದೇ ಇರುವ ಜಾಗಗಳ ಗೇಟು ಅಷ್ಟು ಹೊತ್ತಿಗೆ ತೆರೆದಿರುವುದಿಲ್ಲ. ದುಡಿದು ಸುಸ್ತಾದವರು ಇನ್ನೊಂದು ಗಂಟೆ ಗಾಡಿ ಓಡಿಸುವುದೂ ಒಳ್ಳೆಯದಲ್ಲ. ಹಾಗಾಗಿ ಎಷ್ಟೋ ರಾತ್ರಿ ಊರೊಳಗಿನ ಬೀದಿಯಲ್ಲೇ ಮಲಗುತ್ತೇವೆ. ತಮ್ಮನೇ ಹಳೇ ಡೆಲಿವರಿ ವ್ಯಾನೊಂದನ್ನು ಕೊಂಡು, ಒಳಗೆ ಮಂಚ, ಕಪಾಟು ಕೂರಿಸಿ ಸಿದ್ಧ ಮಾಡಿದ. ನನಗೆ ಬೆಳಕಿನ ಚಿಂತೆ, ಅವನಿಗೆ ಸದ್ದಿನ ಚಿಂತೆ. ಈ ವಿಷಯದಲ್ಲಿ ನಮ್ಮಿಬ್ಬರ ಕಸುಬೂ ಉಪಯೋಗಕ್ಕೆ ಬಂದಿದೆ.

ಜಾಗ ಹುಡುಕುವುದು ಹಗಲಿನ ಕೆಲಸ. ರಾತ್ರಿ ಹನ್ನೊಂದಕ್ಕೆ ಬೀದಿ ಬೀದಿ ಮೆಲ್ಲಗೆ ಸುತ್ತುವ ವ್ಯಾನ್ ಕಂಡರೆ ಯಾರಿಗಾದರೂ ಅನುಮಾನ ಬರುತ್ತದೆ. ನಾನು ಮಧ್ಯಾಹ್ನವೇ ನಡೆದುಕೊಂಡು ಹೋಗಿ ನೋಡಿ ಬರುತ್ತೇನೆ. ಪಾರ್ಕಿಂಗ್ ಬೋರ್ಡನ್ನು ಕೊನೇ ಸಾಲಿನವರೆಗೆ ಓದುತ್ತೇನೆ. ಬೆಳಗ್ಗೆ ರಸ್ತೆ ಗುಡಿಸುವ ಯಂತ್ರ ಬರುತ್ತದಾ, ವಾರಕ್ಕೊಮ್ಮೆ ಸಂತೆ ಸೇರುತ್ತದಾ, ಕಸದ ಲಾರಿಯ ದಿನ ಯಾವುದು, ಇವೆಲ್ಲ ಬೀದಿಯಲ್ಲೇ ಎಲ್ಲಾದರೂ ಬರೆದಿರುತ್ತದೆ. ಸಂತೆ ಸೇರುವ ಜಾಗದಲ್ಲಿ ಮಲಗಿದರೆ ಬೆಳಗಿನ ಜಾವ ಗಾಡಿ ಎಳೆದೊಯ್ಯುವವರೇ ಬಂದು ಎಬ್ಬಿಸುತ್ತಾರೆ.

ಕೈಗಾರಿಕಾ ಪ್ರದೇಶ ವಾಸಿ ಅಂತ ತುಂಬಾ ಜನ ಹೇಳುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಸಂಜೆಯ ಮೇಲೆ ಅಲ್ಲಿ ನರಪಿಳ್ಳೆ ಇರುವುದಿಲ್ಲ. ಇಡೀ ರಸ್ತೆಗೆ ನಮ್ಮದೊಂದೇ ಗಾಡಿ. ಕಾವಲುಗಾರ ಗಸ್ತು ಬಂದರೆ ಟಾರ್ಚ್ ಬಿಡುವುದು ಅದರ ಮೇಲೆಯೇ. ಕಳ್ಳರಿಗೂ ಅಂಥ ಜಾಗವೇ ಇಷ್ಟ. ಸಾಲಾಗಿ ಒಂಟಿ ಮನೆಗಳಿರುವ ಅಚ್ಚುಕಟ್ಟಾದ ಬೀದಿಯೂ ಬೇಡ, ಅಲ್ಲಿ ಪ್ರತಿಯೊಬ್ಬರಿಗೂ ತಮ್ಮ ಗೇಟಿನ ಮುಂದಿನ ಜಾಗ ತಮ್ಮದೇ ಅನ್ನುವ ಭಾವನೆ. ಬಾರ್ ಪಕ್ಕ ಅಂತೂ ಬೇಡವೇ ಬೇಡ. ಬಾರ್ ಮುಚ್ಚುವ ಹೊತ್ತಿಗೆ ಒಬ್ಬರಾದರೂ ಗಾಡಿಗೆ ಒರಗಿ ನಿಂತು ಹಾಡು ಶುರು ಮಾಡುತ್ತಾರೆ, ಇಲ್ಲದಿದ್ದರೆ ಚಕ್ರಕ್ಕೆ ಉಚ್ಚೆ ಹೊಯ್ಯುತ್ತಾರೆ.

ನನಗೆ ಬೇಕಾದದ್ದು ಎಲ್ಲಾ ಕಲೆತ ಬೀದಿ. ನಾಲ್ಕಾರು ಅಪಾರ್ಟ್‌ಮೆಂಟು, ಕೆಳಗೆ ಅಂಗಡಿ, ಒಂದೆರಡು ಸಣ್ಣ ಆಫೀಸು, ರಾತ್ರಿಯಿಡೀ ನಿಂತಿರುವ ಹತ್ತಾರು ಕಾರು. ಅಲ್ಲಿ ಯಾವ ಕಾರು ಯಾರದು ಅಂತ ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ದೊಡ್ಡ ಆಸ್ಪತ್ರೆಯ ಸುತ್ತಲಿನ ಬೀದಿಗಳೂ ಹಾಗೇ. ಹಗಲೂ ರಾತ್ರಿ ಗಾಡಿ ಬಂದುಹೋಗುತ್ತಲೇ ಇರುತ್ತವೆ, ಕಾರಿನಲ್ಲೇ ಕೂತು ತೂಕಡಿಸುವ ನೆಂಟರೂ ಇರುತ್ತಾರೆ. ಆದರೆ ಆಸ್ಪತ್ರೆಯ ಸ್ವಂತ ಪಾರ್ಕಿಂಗ್ ಒಳಗೆ ನುಗ್ಗಬೇಡಿ. ಆ ಜಾಗ ಬೇಕಾದವರು ಬೇರೆಯೇ ಇದ್ದಾರೆ.

ಬೀದಿ ಸಿಕ್ಕಮೇಲೆ ಅದರಲ್ಲಿ ಎಲ್ಲಿ ನಿಲ್ಲಿಸುವುದು ಅನ್ನುವುದು ಇನ್ನೊಂದು ಪ್ರಶ್ನೆ. ಕಿಟಕಿಯಿಲ್ಲದ ಗೋಡೆ ಅಥವಾ ಎತ್ತರದ ಬೇಲಿ ಸಿಕ್ಕರೆ ಅದರ ಪಕ್ಕ. ಸ್ಲೈಡಿಂಗ್ ಡೋರ್ ಇರುವ ಬದಿ ಗೋಡೆ ಕಡೆಗೆ ಬರಬೇಕು. ಮೂತಿ ಹೊರಡುವ ದಿಕ್ಕಿಗೆ. ನೆಲ ಸ್ವಲ್ಪ ಇಳಿಜಾರಿದ್ದರೆ ತಲೆ ಮೇಲಕ್ಕೆ ಬರುವ ಹಾಗೆ ನಿಲ್ಲಿಸಿ. ಗಾಡಿ ಮಟ್ಟ ಮಾಡಲು ಚಕ್ರದ ಕೆಳಗೆ ಇಡುವ ಹಳದಿ ದಿಣ್ಣೆಗಳನ್ನು ಊರೊಳಗೆ ಹೊರಗೆ ತೆಗೆಯಲೇಬಾರದು. ಒಂದು ಸೊಟ್ಟ ರಾತ್ರಿಯನ್ನು ಸಹಿಸಿಕೊಳ್ಳಬಹುದು. ಮರದ ಕೆಳಗೆ ನೆರಳು ಚೆನ್ನಾಗಿದೆ ಅಂತ ನಿಲ್ಲಿಸಿದರೆ ಮಳೆ ನಿಂತಮೇಲೂ ಎಲೆಯಿಂದ ಹನಿ ತಗಡಿನ ಮೇಲೆ ಬೀಳುತ್ತಲೇ ಇರುತ್ತದೆ, ಮುಂಜಾನೆ ಹಕ್ಕಿಗಳ ಪಾಳಿ ಬೇರೆ.

ಬೀದಿದೀಪದ ವಿಷಯದಲ್ಲಿ ನನ್ನ ಅಭಿಪ್ರಾಯ ಉಳಿದವರಿಗಿಂತ ಬೇರೆ. ಎಲ್ಲರೂ ಕತ್ತಲೆ ಮೂಲೆ ಹುಡುಕುತ್ತಾರೆ. ನಾನು ದೀಪ ಹತ್ತಿರವಿರುವ ಜಾಗವನ್ನೇ ಹುಡುಕುತ್ತೇನೆ. ರಂಗದ ಮೇಲೆ ಜಾಲರಿಯಂಥ ತೆಳು ಬಟ್ಟೆಯ ಪರದೆ ಕಟ್ಟುತ್ತೇವಲ್ಲ, ಮುಂದಿನಿಂದ ಬೆಳಕು ಬಿದ್ದರೆ ಅದು ಗೋಡೆಯ ಹಾಗೆ ಕಾಣುತ್ತದೆ. ಹಿಂದಿನಿಂದ ಬೆಳಕು ಬಿದ್ದ ಕೂಡಲೇ ಪರದೆಯೇ ಮಾಯ, ಹಿಂದೆ ನಿಂತವರೆಲ್ಲ ಕಾಣುತ್ತಾರೆ. ಗಾಡಿಯ ಗಾಜೂ ಹಾಗೆಯೇ. ಹೊರಗಿನ ಬೆಳಕು ಜಾಸ್ತಿ ಇದ್ದರೆ ಗಾಜಿನಲ್ಲಿ ಬೀದಿಯ ಪ್ರತಿಬಿಂಬ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಗಾಢ ಕತ್ತಲೆಯಲ್ಲಿ ನಿಲ್ಲಿಸಿ ನೋಡಿ, ಸೂಜಿಮೊನೆಯಷ್ಟು ಬೆಳಕು ಸೋರಿದರೂ ಐವತ್ತು ಹೆಜ್ಜೆ ದೂರಕ್ಕೆ ಕಾಣುತ್ತದೆ. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಆದರೆ ಒಮ್ಮೆ ಹೊಂದಿಕೊಂಡಿತೋ, ಯಾವ ಕಿರಿದಾದ ಬೆಳಕೂ ಅದರಿಂದ ತಪ್ಪಿಸಿಕೊಳ್ಳುವುದಿಲ್ಲ. ನಾಯಿ ಕರೆದುಕೊಂಡು ನಿಧಾನವಾಗಿ ಬರುವ ಅಜ್ಜನ ಕಣ್ಣು ಅಷ್ಟು ಹೊತ್ತಿಗೆ ಚೆನ್ನಾಗಿ ಹೊಂದಿಕೊಂಡಿರುತ್ತದೆ. ದೀಪದ ನೇರ ಕೆಳಗೆ ಬೇಡ, ಒಂದೆರಡು ಕಾರಿನಷ್ಟು ಆಚೆ ಸಾಕು.

ಇನ್ನು ಪರದೆ. ಬೆಳ್ಳಿ ಬಣ್ಣದ ಫಾಯಿಲ್ ಹಾಳೆಯನ್ನು ಮುಂದಿನ ಗಾಜಿಗೆ ಒತ್ತಿಟ್ಟು ಮಲಗುವವರನ್ನು ನೋಡಿದ್ದೇನೆ. ಶಾಖ ತಡೆಯುವುದಕ್ಕೆ ಅದು ಒಳ್ಳೆಯದೇ. ಆದರೆ ರಾತ್ರಿ ಪ್ರತಿ ಕಾರಿನ ಹೆಡ್‌ಲೈಟಿಗೂ ಅದು ಪಳಪಳ ಹೊಳೆಯುತ್ತದೆ. ಒಳಗೆ ಮಲಗಿದ್ದೇವೆ ಅಂತ ಬೋರ್ಡು ಹಾಕಿದ ಹಾಗೇ ಆಯಿತು. ನಾವು ಮುಂದಿನ ಗಾಜನ್ನು ಮುಚ್ಚುವುದೇ ಇಲ್ಲ. ಡ್ರೈವರ್ ಸೀಟಿನ ಬೆನ್ನ ಹಿಂದೆ, ಚಾವಣಿಯಿಂದ ನೆಲದವರೆಗೆ ದಪ್ಪ ಕಪ್ಪು ಬಟ್ಟೆ ಇಳಿಬಿಟ್ಟಿದ್ದೇವೆ. ದಾರಿಯಲ್ಲಿ ಹೋಗುವವರು ಬಗ್ಗಿ ನೋಡಿದರೆ ಖಾಲಿ ಸೀಟು, ಸ್ಟೀರಿಂಗು, ಡ್ಯಾಶ್‌ಬೋರ್ಡಿನ ಮೇಲೊಂದು ಪಾರ್ಕಿಂಗ್ ಚೀಟಿ. ಅದರ ಹಿಂದೆ ಕತ್ತಲೆ. ಸಾಮಾನು ಸಾಗಿಸುವ ವ್ಯಾನುಗಳಲ್ಲಿ ಸೀಟಿನ ಹಿಂದೆ ಹೇಗೂ ತಡೆಗೋಡೆ ಇರುತ್ತದೆ, ಹಾಗಾಗಿ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ಆ ಬಟ್ಟೆ ಹೊಲಿಯುವಾಗ ನಾನು ತಮ್ಮನ ತಲೆ ತಿಂದೆ. ಬಟ್ಟೆಯ ನಡುವಿನಿಂದ ಬೆಳಕು ಸೋರುವುದಿಲ್ಲ, ಅಂಚಿನಿಂದ ಸೋರುತ್ತದೆ. ಎರಡೂ ಬದಿ ಒಂದು ಗೇಣು ಜಾಸ್ತಿ ಅಗಲ ಇರಬೇಕು. ಕೆಳಗಿನ ಅಂಚು ನೆಲದ ಮೇಲೆ ಮಡಚಿ ಬೀಳಬೇಕು, ಮಡಿಕೆಯೊಳಗೆ ಸ್ವಲ್ಪ ತೂಕ ಹೊಲಿದಿರಬೇಕು. ಮೇಲೆ ವೆಲ್ಕ್ರೋ, ಆದರೆ ಬಿಡಿ ಬಿಡಿ ತುಂಡಲ್ಲ, ಉದ್ದಕ್ಕೂ ಒಂದೇ ಪಟ್ಟಿ. ಹಿಂಬಾಗಿಲ ಗಾಜುಗಳಿಗೆ ಕಪ್ಪು ಬಟ್ಟೆ ಅಂಟಿಸಿದ ಫೋಮ್ ಹಲಗೆ, ಗಾಜಿನ ಅಳತೆಗಿಂತ ಒಂದು ಕೂದಲು ದೊಡ್ಡದು ಕತ್ತರಿಸಿದ್ದು, ಒತ್ತಿದರೆ ಕಚ್ಚಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಕಪ್ಪು ಫಿಲ್ಮ್ ಹಾಕಿಸಿದ ಗಾಜಿನ ಹಾಗೆ.

ಆಮೇಲೆ ಪರೀಕ್ಷೆ. ಒಬ್ಬರು ಒಳಗೆ ಎಲ್ಲಾ ದೀಪ ಹಚ್ಚಿ ಕೂರಬೇಕು, ಇನ್ನೊಬ್ಬರು ಹೊರಗೆ ಕತ್ತಲೆಗೆ ಕಣ್ಣು ಹೊಂದಿಕೊಳ್ಳುವವರೆಗೆ ಕಾದು ಸುತ್ತ ನಡೆಯಬೇಕು. ನಾನು ಹೊರಗಿದ್ದೆ. ಕಿಟಕಿಗಳೆಲ್ಲ ಸರಿಯಾಗಿದ್ದವು. ಬೆಳಕು ಬರುತ್ತಿದ್ದದ್ದು ನಾವ್ಯಾರೂ ಯೋಚಿಸದ ಕಡೆಯಿಂದ: ಚಾವಣಿಯ ಫ್ಯಾನಿನ ಮುಚ್ಚಳ. ಅರೆಪಾರದರ್ಶಕ ಪ್ಲಾಸ್ಟಿಕ್ ಅದು. ಬೀದಿಯಲ್ಲಿ ನಿಂತವರಿಗೆ ಮಬ್ಬುಮಬ್ಬಾಗಿ ಕಂಡರೆ, ಮೂರನೇ ಮಹಡಿಯ ಬಾಲ್ಕನಿಯಿಂದ ನೋಡುವವರಿಗೆ ಅದು ಗಾಡಿಯ ನೆತ್ತಿಯ ಮೇಲೆ ಉರಿಯುವ ಲಾಟೀನು. ಅಪಾರ್ಟ್‌ಮೆಂಟು ಇರುವ ಬೀದಿಯಲ್ಲಿ ಮೇಲಿನಿಂದ ನೋಡುವವರ ನೆನಪಿಟ್ಟುಕೊಳ್ಳಿ. ಈಗ ಅದರ ಒಳಗಡೆಗೂ ಒಂದು ಕಪ್ಪು ಮುಚ್ಚಳವಿದೆ, ಗಾಳಿಗೆ ಬದಿಯಲ್ಲಿ ಸಂದು ಬಿಟ್ಟು.

ಪುಟ್ಟ ಶತ್ರುಗಳು ಬೇರೆ ಇವೆ. ಸೋಲಾರ್ ಕಂಟ್ರೋಲರ್ ಮೇಲಿನ ನೀಲಿ ಎಲ್‌ಇಡಿ, ಫ್ರಿಜ್ಜಿನ ಹಸಿರು ಅಂಕಿ, ಚಾರ್ಜರಿನ ಕೆಂಪು ಚುಕ್ಕಿ. ರಂಗಮಂದಿರದಲ್ಲಿ ಇಂಥವಕ್ಕೆಲ್ಲ ಕಪ್ಪು ಟೇಪ್ ಅಂಟಿಸುವುದು ನನ್ನ ಹಳೇ ಚಾಳಿ, ಇಲ್ಲೂ ಅದನ್ನೇ ಮಾಡಿದೆ. ಬಾಗಿಲು ತೆಗೆದ ಕೂಡಲೇ ಹತ್ತುವ ಚಾವಣಿ ದೀಪದ ಸ್ವಿಚ್ಚನ್ನು ಆಫ್ ಮಾಡಿಯೇ ಇಟ್ಟಿರಿ. ಕೆಂಪು ದೀಪ ಹಾಕಿಕೊಂಡರೆ ಯಾರಿಗೂ ಕಾಣುವುದಿಲ್ಲ ಅಂತ ಸಲಹೆ ಕೊಡುವವರಿದ್ದಾರೆ. ಕೆಂಪು ಬೆಳಕು ನಮ್ಮ ಕಣ್ಣಿನ ಕತ್ತಲ ಹೊಂದಾಣಿಕೆಯನ್ನು ಅಷ್ಟಾಗಿ ಕೆಡಿಸುವುದಿಲ್ಲ, ಅದು ನಿಜ. ಆದರೆ ಅದು ಗಾಡಿಯೊಳಗೆ ಇರುವವರಿಗೆ ಆದ ಅನುಕೂಲ. ನಿಂತ ವ್ಯಾನಿನ ಸಂದಿಯಿಂದ ಕೆಂಪು ಹೊಳಪು ಕಂಡರೆ ಬೀದಿಯವರು ಏನೆಂದುಕೊಳ್ಳಬೇಕು ಹೇಳಿ? ಮಂದ ಹಳದಿ ದೀಪವೇ ವಾಸಿ, ಮಂಚದ ಮಟ್ಟಕ್ಕಿಂತ ಕೆಳಗೆ.

ಸದ್ದಿನ ವಿಷಯಕ್ಕೆ ಬಂದರೆ ತಮ್ಮನದು ಒಂದೇ ಮಾತು. "ಅಕ್ಕಾ, ಬಾಗಿಲು ಒಂದೇ ಸಲ." ಸ್ಲೈಡಿಂಗ್ ಡೋರ್ ಎಳೆದು ಮುಚ್ಚುವ ಆ ಗರ್ರ್... ಧಡ್ ಇದೆಯಲ್ಲ, ರಾತ್ರಿ ಅದು ಬೀದಿಯ ಕೊನೆಯವರೆಗೆ ಕೇಳುತ್ತದೆ. ಒಂದು ಸಲ ಕೇಳಿದರೆ ಯಾರೋ ಸಾಮಾನು ಇಳಿಸಿದರು. ಮೂರು ಸಲ ಕೇಳಿದರೆ ಯಾರೋ ವಾಸ ಮಾಡುತ್ತಿದ್ದಾರೆ. ಹಾಗಾಗಿ ಮಲಗುವ ಜಾಗಕ್ಕೆ ಬರುವ ಮುಂಚೆಯೇ ಎಲ್ಲಾ ಮುಗಿದಿರಬೇಕು. ಅಡುಗೆ, ಊಟ, ಪಾತ್ರೆ, ಹಲ್ಲುಜ್ಜುವುದು, ಬಟ್ಟೆ ಬದಲಿಸುವುದು ಎಲ್ಲಾ ಬೇರೆ ಕಡೆ, ನಾಲ್ಕು ಜನ ಓಡಾಡುವ, ಗಾಡಿ ನಿಲ್ಲಿಸಿ ಕೂತರೆ ಯಾರೂ ಏನೂ ಅನ್ನದ ಕಡೆ. ಈರುಳ್ಳಿ ಹುರಿದ ವಾಸನೆ ಯಾವ ಪರದೆಗೂ ಜಗ್ಗುವುದಿಲ್ಲ. ಪರದೆಗಳನ್ನೂ ಅಲ್ಲೇ ಕಟ್ಟಿಕೊಂಡು, ಹಾಸಿಗೆ ಬಿಡಿಸಿಕೊಂಡು ಹೊರಡುತ್ತೇವೆ. ಮಲಗುವ ಬೀದಿಗೆ ಬಂದಮೇಲೆ ಮಾಡುವ ಕೆಲಸ: ಒಂದೇ ಸಲಕ್ಕೆ ಪಾರ್ಕ್ ಮಾಡು, ಇಂಜಿನ್ ಆಫ್ ಮಾಡು, ಸೀಟಿನ ನಡುವಿನಿಂದ ಹಿಂದಕ್ಕೆ ನುಸುಳು. ಹೊರಗೆ ಕಾಲಿಡುವುದೇ ಇಲ್ಲ. ಗಾಡಿ ಕೊಳ್ಳುವಾಗ ಮುಂದಿನಿಂದ ಹಿಂದಕ್ಕೆ ದಾರಿ ಇರಲೇಬೇಕು ಅಂತ ತಮ್ಮ ಹಟ ಹಿಡಿದದ್ದು ಇದಕ್ಕೇ.

ರಿಮೋಟ್ ಒತ್ತಿದರೆ ನಾಲ್ಕೂ ಇಂಡಿಕೇಟರ್ ಮಿಣುಕಿ ಕುಂಯ್ ಅನ್ನುವ ಗಾಡಿಗಳಿವೆ. ಒಳಗಿನ ಬಟನ್ ಒತ್ತಿ ಲಾಕ್ ಮಾಡಿಕೊಳ್ಳಿ. ಅಲಾರಂ ಇರುವ ಗಾಡಿಯಾದರೆ ಒಳಗಿನ ಚಲನೆ ಹಿಡಿಯುವ ಸೆನ್ಸರ್ ಬಂದ್ ಮಾಡುವುದು ಹೇಗೆ ಅಂತ ಮ್ಯಾನ್ಯುಯಲ್ ನೋಡಿ ಮೊದಲೇ ಕಲಿತಿರಿ. ಇಲ್ಲದಿದ್ದರೆ ನಡುರಾತ್ರಿ ಮಗ್ಗುಲು ಬದಲಿಸಿದ್ದಕ್ಕೆ ಗಾಡಿಯೇ ಬೊಬ್ಬೆ ಹೊಡೆಯುತ್ತದೆ.

ಡೀಸೆಲ್ ಹೀಟರ್ ಇಟ್ಟುಕೊಂಡವರಿಗೆ ಅದರ ಟಿಕ್ ಟಿಕ್ ಗೊತ್ತಿರುತ್ತದೆ. ಟ್ಯಾಂಕಿನಿಂದ ಹನಿ ಹನಿ ಡೀಸೆಲ್ ಎತ್ತಿಕೊಡುವ ಪುಟ್ಟ ಪಂಪಿನ ಸದ್ದು ಅದು. ಪಂಪನ್ನು ಗಾಡಿಯ ತಗಡಿಗೇ ಬಿಗಿದರೆ ಇಡೀ ಗಾಡಿ ಡೋಲು ಬಾರಿಸುತ್ತದೆ. ತಮ್ಮ ಅದನ್ನು ದಪ್ಪ ರಬ್ಬರಿನ ಮೇಲೆ ತೂಗುಹಾಕಿದ, ಮುಕ್ಕಾಲು ಪಾಲು ಸದ್ದು ಅಡಗಿತು. ಆದರೂ ಹತ್ತಿಸುವಾಗ ಬಿಳಿ ಹೊಗೆ, ಉರಿಯುವಾಗ ಕೆಳಗಿನಿಂದ ಬುಸುಬುಸು, ಆರಿಸಿದಮೇಲೂ ಒಳಭಾಗ ತಣಿಯುವವರೆಗೆ ಒಂದಷ್ಟು ನಿಮಿಷ ಫ್ಯಾನ್ ತಿರುಗುತ್ತಲೇ ಇರುತ್ತದೆ. ಬೀದಿಯಲ್ಲಿ ಮಲಗುವ ರಾತ್ರಿ ನಾವು ಅದನ್ನು ಊಟದ ಜಾಗದಲ್ಲೇ ಚೆನ್ನಾಗಿ ಉರಿಸಿ, ಗಾಡಿ ಬೆಚ್ಚಗಾದ ಮೇಲೆ ಆರಿಸಿ ಬರುತ್ತೇವೆ. ಆಮೇಲೆ ದಪ್ಪ ಹೊದಿಕೆ, ಬಿಸಿನೀರಿನ ರಬ್ಬರ್ ಚೀಲ.

ಚಳಿಗಾಲದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಹಿಮ ಕಟ್ಟುವ ಊರಿನಲ್ಲಿ ಬೆಳಗ್ಗೆ ಸಾಲಾಗಿ ನಿಂತ ಕಾರುಗಳ ನೆತ್ತಿಯನ್ನು ನೋಡಿ. ಎಲ್ಲವೂ ಬೆಳ್ಳಗೆ. ಒಂದರದ್ದು ಮಾತ್ರ ಕರಗಿ ಒದ್ದೆಯಾಗಿರುತ್ತದೆ. ಆ ಒಂದರೊಳಗೆ ಜನ ಇದ್ದಾರೆ. ಕಪ್ಪು ಪರದೆ ಹೊಲಿಯಲು ಪಟ್ಟ ಕಷ್ಟವೆಲ್ಲ ನೀರಿನಲ್ಲಿ ಹೋಮ.

ಗಾಜಿನ ಮಂಜೂ ಹಾಗೇ ಗುಟ್ಟು ಬಿಟ್ಟುಕೊಡುತ್ತದೆ. ನಿದ್ದೆ ಮಾಡುವಾಗ ಒಬ್ಬೊಬ್ಬರ ಉಸಿರು, ಮೈ ಸೇರಿ ಒಂದು ರಾತ್ರಿಗೆ ಹೆಚ್ಚುಕಡಿಮೆ ಕಾಲು ಲೀಟರ್ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ಇಬ್ಬರಿದ್ದರೆ ಅರ್ಧ ಲೀಟರ್. ಗೋಡೆಗಳಿಗೆಲ್ಲ ಶಾಖ ತಡೆಯುವ ಹಾಸು ಹಾಕಿರುತ್ತೇವೆ, ಹಾಗಾಗಿ ಆ ಆವಿ ನೇರ ಹೋಗಿ ಕೂರುವುದು ಎಲ್ಲಕ್ಕಿಂತ ತಣ್ಣಗಿರುವ ಜಾಗದಲ್ಲಿ, ಅಂದರೆ ಮುಂದಿನ ಗಾಜಿನಲ್ಲಿ. ಬೆಳಗ್ಗೆ ಏಳಕ್ಕೆ ಇಡೀ ಸಾಲಿನಲ್ಲಿ ಒಳಗಡೆಯಿಂದ ಮಂಜು ಹಿಡಿದು ನೀರಿಳಿಯುತ್ತಿರುವ ಗಾಜು ನಿಮ್ಮದೊಂದೇ ಆಗಿರುತ್ತದೆ. ಒಳಗೆ ಗ್ಯಾಸ್ ಒಲೆ ಹಚ್ಚಿದರೆ ಇನ್ನೂ ಕೆಟ್ಟದ್ದು, ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರು ಹುಟ್ಟುತ್ತದೆ. ಸೀಟಿನ ಹಿಂದಿನ ದಪ್ಪ ಪರದೆ ಇದಕ್ಕೂ ಸ್ವಲ್ಪ ಸಹಾಯ ಮಾಡುತ್ತದೆ, ಆವಿ ಅಷ್ಟು ಸುಲಭವಾಗಿ ಮುಂದಕ್ಕೆ ಹೋಗುವುದಿಲ್ಲ. ಆದರೆ ನಿಜವಾದ ಉಪಾಯ ಗಾಳಿ ಆಡಲು ಬಿಡುವುದು. ಮೇಲೆ ಒಂದು ಕಿಂಡಿ, ಕೆಳಗೆ ಒಂದು. ಮುಂದಿನ ಕಿಟಕಿಗಳ ಮೇಲೆ ಕೂರಿಸುವ ಕಪ್ಪು ಪ್ಲಾಸ್ಟಿಕ್ ರೆಕ್ಕೆ ಸಿಗುತ್ತದೆ, ಮಳೆ ತಡೆಯುವುದಕ್ಕೆ. ಅದು ಇದ್ದರೆ ಗಾಜು ಎರಡು ಬೆರಳಷ್ಟು ಇಳಿಸಿದ್ದರೂ ಹೊರಗಿನವರಿಗೆ ತಿಳಿಯುವುದಿಲ್ಲ.

ಇಲ್ಲಿ ಸ್ವಲ್ಪ ಗದರಿಸಿ ಹೇಳಬೇಕು. ಕಾಣಬಾರದು, ಕೇಳಬಾರದು ಅಂತ ಎಲ್ಲಾ ಸಂದಿಗೂ ಬಟ್ಟೆ ತುರುಕಿ, ಚಳಿಗೆ ಒಲೆ ಹಚ್ಚಿಕೊಂಡು ಮಲಗುವವರಿದ್ದಾರೆ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅಡುಗೆ ಒಲೆ ಹೀಟರ್ ಅಲ್ಲ. ಗಾಳಿಯ ಕಿಂಡಿ ಮುಚ್ಚಬಾರದು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದ ಗಾಡಿಯಲ್ಲಿ ನಾನು ಮಲಗುವುದಿಲ್ಲ, ಅದರ ಎಲ್‌ಇಡಿಗೆ ಟೇಪ್ ಅಂಟಿಸುವುದೂ ಇಲ್ಲ. ಅದೊಂದು ಚುಕ್ಕಿ ಮಿನುಗಲಿ. ಅದು ಬಾಯಿ ಮಾಡಿಕೊಂಡರೆ ಊರೆಲ್ಲ ಎದ್ದರೂ ಪರವಾಗಿಲ್ಲ, ಬಾಗಿಲು ತೆಗೆದು ಹೊರಗೆ ಬನ್ನಿ.

ಶೌಚದ ವಿಷಯ ಬೇಗ ಮುಗಿಸುತ್ತೇನೆ. ಬರುವ ಮುಂಚೆ ಹೋಗಿ ಬನ್ನಿ, ರಾತ್ರಿಗೆ ಮುಚ್ಚಳ ಬಿಗಿಯುವ ಡಬ್ಬ ಒಳಗೇ ಇರಲಿ, ಖಾಲಿ ಮಾಡುವುದು ಸರಿಯಾದ ಜಾಗದಲ್ಲಿ. ಪಾತ್ರೆ ತೊಳೆದ ನೀರನ್ನು ಬೀದಿಗೆ ಬಿಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಂಥ ನಾಲ್ಕು ಜನ ಬಂದುಹೋದ ಬೀದಿಯಲ್ಲಿ ಕ್ಯಾಂಪರ್ ನಿಷೇಧದ ಬೋರ್ಡು ನೆಡುತ್ತಾರೆ, ಆಮೇಲೆ ಯಾರಿಗೂ ಜಾಗವಿಲ್ಲ.

ಗಾಡಿಯ ವೇಷದ ಬಗ್ಗೆ ನಮ್ಮಿಬ್ಬರಲ್ಲಿ ದೊಡ್ಡ ಜಗಳವೇ ಆಗಿದೆ. ಫಿಯಟ್ ಡುಕಾಟೊ, ಮರ್ಸಿಡಿಸ್ ಸ್ಪ್ರಿಂಟರ್, ಫೋರ್ಡ್ ಟ್ರಾನ್ಸಿಟ್, ಈ ಮೂರೂ ಕೊರಿಯರ್‌ನವರ, ಪ್ಲಂಬರ್‌ಗಳ ಗಾಡಿ. ಕ್ಯಾಂಪರ್ ಕಟ್ಟುವವರೂ ಹೆಚ್ಚಾಗಿ ಇವನ್ನೇ ಆರಿಸಿಕೊಳ್ಳುತ್ತಾರೆ. ಬಿಳಿ ಬಣ್ಣ ಇದ್ದರೆ ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ಇಷ್ಟು ಸಾಲದು ಅಂತ ತಮ್ಮನಿಗೆ ಅನ್ನಿಸಿತು.

"ಒಂದು ಪ್ಲಂಬಿಂಗ್ ಕಂಪನಿ ಸ್ಟಿಕ್ಕರ್ ಮಾಡಿಸೋಣ ಅಕ್ಕಾ. ಮೇಲೊಂದು ಏಣಿ ಕಟ್ಟೋಣ. ಯಾರಿಗೂ ಡೌಟೇ ಬರಲ್ಲ."

"ಅದರ ಮೇಲೆ ಫೋನ್ ನಂಬರ್ ಯಾರದ್ದು ಹಾಕ್ತೀಯಾ?"

"ಸುಮ್ನೆ ಯಾವುದೋ ಒಂದು."

"ಯಾರೋ ನಲ್ಲಿ ಸೋರ್ತಿದೆ ಅಂತ ಬಾಗಿಲು ಬಡಿದ್ರೆ ನೀನೇ ಹೋಗಿ ರಿಪೇರಿ ಮಾಡು."

ನನ್ನ ತಕರಾರು ಅದಲ್ಲ, ಕಳ್ಳರದ್ದು. ಒಡೆದರೆ ಬೆಲೆಬಾಳುವ ಡ್ರಿಲ್, ಕಟರ್ ಸಿಗುತ್ತವೆ ಅಂತ ಅವರು ಹುಡುಕುವುದೇ ಕಸುಬುದಾರರ ವ್ಯಾನುಗಳನ್ನು. ಬೀದಿಯವರ ಕಣ್ಣು ತಪ್ಪಿಸಲು ಹೋಗಿ ಕಳ್ಳರ ಕಣ್ಣಿಗೆ ಬೀಳುವುದು ಯಾವ ಬುದ್ಧಿವಂತಿಕೆ? ಜೊತೆಗೆ, ಪೊಲೀಸರು ಬಂದು ಮಾತಾಡಿಸಿದಾಗ ಸುಳ್ಳು ಸ್ಟಿಕ್ಕರಿನ ಗಾಡಿಯಿಂದ ಇಳಿಯುವವರ ನಿಜವನ್ನೂ ಯಾರೂ ನಂಬುವುದಿಲ್ಲ. ಸ್ಟಿಕ್ಕರ್ ಇಲ್ಲ, ಬೆಟ್ಟಗುಡ್ಡದ ಚಿತ್ರವಿಲ್ಲ, ಹಿಂದೆ ಸೈಕಲ್ ಸ್ಟ್ಯಾಂಡ್ ಇಲ್ಲ, ಡ್ಯಾಶ್‌ಬೋರ್ಡಿನ ಮೇಲೆ ನಕ್ಷೆ, ಟೀ ಲೋಟ ಇಲ್ಲ. ಸೋಲಾರ್ ಫಲಕ ನೆತ್ತಿಗೆ ಒರಗಿ ಮಲಗಿದೆ, ಕೆಳಗಿನಿಂದ ಕಾಣದು. ಗಾಡಿ ತೊಳೆದಿರಬೇಕು, ಎಲ್ಲಾ ದೀಪ ಉರಿಯುತ್ತಿರಬೇಕು. ಧೂಳು ಹಿಡಿದ ಗಾಡಿಯನ್ನು ಕಂಡರೆ ಬಿಟ್ಟುಹೋದ ಗಾಡಿ ಅಂತ ದೂರು ಕೊಡುತ್ತಾರೆ. ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ 1951ರಲ್ಲಿ ಫೋಕ್ಸ್‌ವ್ಯಾಗನ್ ಬಸ್ಸಿಗೆ ಕ್ಯಾಂಪಿಂಗ್ ಪೆಟ್ಟಿಗೆ ಕೂರಿಸಲು ಶುರು ಮಾಡಿದಾಗಿನಿಂದ ಆ ಗಾಡಿಗೆ ಮನಸೋತವರು ಲೆಕ್ಕವಿಲ್ಲ, ನನಗೂ ಇಷ್ಟ. ಆದರೆ ಮಡಚುವ ಚಾವಣಿ ಮೇಲೆತ್ತಿ ಊರ ಬೀದಿಯಲ್ಲಿ ಮಲಗಿದರೆ ಗುಟ್ಟು ಅನ್ನುವ ಮಾತೇ ಬೇಡ.

ಕಾನೂನು ಊರಿಗೊಂದು, ಕೆಲವು ಕಡೆ ಬೀದಿಗೊಂದು. ಆದರೆ ಎಷ್ಟೋ ಕಡೆ ಗೆರೆ ಎಳೆಯುವುದು ಗಾಡಿ ನಿಲ್ಲಿಸುವುದಕ್ಕೂ ಕ್ಯಾಂಪ್ ಹೂಡುವುದಕ್ಕೂ ನಡುವೆ. ಜರ್ಮನಿಯಲ್ಲಿ ಪಾರ್ಕಿಂಗ್‌ಗೆ ಅನುಮತಿ ಇರುವ ಜಾಗದಲ್ಲಿ, ಮತ್ತೆ ಗಾಡಿ ಓಡಿಸುವಷ್ಟು ಚೇತರಿಸಿಕೊಳ್ಳಲು ಒಂದು ರಾತ್ರಿ ಮಲಗಬಹುದು. ಕುರ್ಚಿ ಹೊರಗೆ ಹಾಕಿದರೆ, ಬದಿಯ ಚಪ್ಪರ ಬಿಡಿಸಿದರೆ ಅದು ಕ್ಯಾಂಪಿಂಗ್ ಆಗಿಬಿಡುತ್ತದೆ. ಲಾಸ್ ಏಂಜಲೀಸ್‌ನಲ್ಲಿ ಗಾಡಿಯನ್ನು ಮನೆಯಾಗಿ ಬಳಸಬಾರದು ಅನ್ನುವ ನಿಯಮವಿತ್ತು. ಏನು ಮಾಡಿದರೆ ತಪ್ಪಾಗುತ್ತದೆ ಅಂತ ಜನಕ್ಕೆ ತಿಳಿಯುವ ಹಾಗೆ ಅದು ಸ್ಪಷ್ಟವಾಗಿಲ್ಲ ಅಂತ 2014ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಮಲಗಬಾರದು ಅಂತ ಸ್ಪಷ್ಟವಾಗಿ ಬರೆದಿರುವ ಕಡೆ ನಾವು ನಿಲ್ಲುವುದಿಲ್ಲ. ಬೋರ್ಡು ಇದ್ದೂ ಅಡಗಿಕೊಂಡು ಮಲಗಿದರೆ ನಿದ್ದೆಯೇ ಬರುವುದಿಲ್ಲ, ಮತ್ತೆ ಯಾಕೆ ಬೇಕು?

ಇನ್ನೊಂದು ಮುಖ್ಯ ಮಾತು. ಕುಡಿದಿದ್ದೀರಾ? ಹಾಗಾದರೆ ಡ್ರೈವರ್ ಸೀಟಿನ ಹತ್ತಿರವೂ ಹೋಗಬೇಡಿ. ಗಾಡಿ ಓಡಿಸದಿದ್ದರೂ, ಕುಡಿದು ಕೀಲಿ ಕೈಯಲ್ಲಿಟ್ಟುಕೊಂಡು ಗಾಡಿಯೊಳಗೆ ಇದ್ದದ್ದಕ್ಕೇ ಕೇಸ್ ಹಾಕುವ ದೇಶಗಳಿವೆ, ಬ್ರಿಟನ್ ಒಂದು. ಎಬ್ಬಿಸಿ ಹೊರಡಿ ಅಂದರೆ ಹೊರಡಲಾಗದ ಸ್ಥಿತಿಯಲ್ಲಿ ಬೀದಿಯಲ್ಲಿ ಮಲಗಲೇಬಾರದು.

ಎಬ್ಬಿಸುವುದು ಹೇಗಿರುತ್ತದೆ ಅಂತ ಹೇಳುತ್ತೇನೆ. ರಾತ್ರಿ ಎರಡರ ಹೊತ್ತಿಗೆ ಗಾಜಿನ ಮೇಲೆ ಟಕ್ ಟಕ್. ಉಸಿರು ಬಿಗಿ ಹಿಡಿದು ಸುಮ್ಮನಿದ್ದರೆ ಹೋಗುತ್ತಾರೆ ಅಂತ ಸಲಹೆ ಕೊಡುವವರಿದ್ದಾರೆ. ಕುಡುಕರೋ ಪುಂಡರೋ ಆದರೆ ಹಾಗೇ ಮಾಡಿ. ಪೊಲೀಸರು ಅಂತ ಹೇಳಿಕೊಂಡರೆ ಸುಮ್ಮನಿರುವುದು ಸರಿಯಲ್ಲ, ಒಳಗೆ ಯಾರಿಗೋ ಏನೋ ಆಗಿದೆ ಅಂತ ಅವರು ಗಾಜು ಒಡೆಯಲೂಬಹುದು. ನಮ್ಮನ್ನು ಒಮ್ಮೆ ಪೊಲೀಸರು ಹೀಗೆ ಎಬ್ಬಿಸಿದಾಗ ನಾನು ಪಕ್ಕದ ಬಾಗಿಲು ತೆಗೆಯಲಿಲ್ಲ. ಪರದೆ ಸರಿಸಿ ಮುಂದಕ್ಕೆ ಬಂದು, ಅವರ ಸಮವಸ್ತ್ರ, ಗಾಡಿ ಎರಡನ್ನೂ ನೋಡಿ, ಕಿಟಕಿ ಅರ್ಧ ಇಳಿಸಿದೆ.

"ಯಾರ್ಯಾರಿದ್ದೀರಿ ಒಳಗೆ?"

"ನಾನು, ನನ್ನ ತಮ್ಮ, ಸರ್. ನಾಟಕ ಮುಗಿಸಿ ಬಂದ್ವಿ, ನಿದ್ದೆ ತಡೆಯೋಕೆ ಆಗಲಿಲ್ಲ. ಗಾಡಿ ತೆಗೀಬೇಕಾ?"

"ಬೆಳಗ್ಗೆ ಎಷ್ಟಕ್ಕೆ ಹೊರಡ್ತೀರಿ?"

"ಆರೂವರೆಗೆಲ್ಲ ಇರಲ್ಲ ಸರ್."

ಅವರು ಲೈಸೆನ್ಸ್ ನೋಡಿ, ಟಾರ್ಚನ್ನು ಒಳಗೆ ಒಂದು ಸುತ್ತು ತಿರುಗಿಸಿ, "ಸರಿ ಮಲಗಿ, ಯಾರೋ ಹೆದರಿ ಫೋನ್ ಮಾಡಿದ್ರು" ಅಂದರು. ಹಿಂದೆ ತಮ್ಮ ಇಷ್ಟೆಲ್ಲ ಆದರೂ ಗೊರಕೆ ಹೊಡೆಯುತ್ತಲೇ ಇದ್ದ. ಆ ಸದ್ದು ಕೇಳಿಯೇ ಪಾಪ ಯಾರೋ ಹೆದರಿದರೇನೋ ಅಂತ ಅವನನ್ನು ಇವತ್ತಿಗೂ ರೇಗಿಸುತ್ತೇನೆ. ಹೊರಡಿ ಅಂದಿದ್ದರೆ ಮರುಮಾತಿಲ್ಲದೆ ಹೊರಡುತ್ತಿದ್ದೆವು. ಅದಕ್ಕೇ ಡ್ರೈವರ್ ಸೀಟಿನ ಮೇಲೆ ಏನೂ ಇಡುವುದಿಲ್ಲ, ಕೀಲಿ ಯಾವಾಗಲೂ ಒಂದೇ ಕೊಕ್ಕೆಯಲ್ಲಿ, ಮತ್ತು ಎರಡನೇ ಬೀದಿಯೊಂದನ್ನು ಹಗಲೇ ನೋಡಿಟ್ಟಿರುತ್ತೇನೆ. ಕಾನೂನು ಗೊತ್ತು ಅಂತ ಕಿಟಕಿಯಲ್ಲಿ ವಾದಕ್ಕೆ ನಿಂತರೆ ಗೆದ್ದರೂ ಆ ರಾತ್ರಿಯ ನಿದ್ದೆ ಹೋಯಿತು.

ಬೆಳಗ್ಗೆ ಬೀದಿ ಏಳುವ ಮುಂಚೆ ಹೊರಡಬೇಕು. ತೀರಾ ನಾಲ್ಕಕ್ಕೆ ಇಂಜಿನ್ ಹತ್ತಿಸಿದರೂ ತೊಂದರೆ, ಎಲ್ಲರಿಗೂ ಎಚ್ಚರವಾಗುತ್ತದೆ. ಕೆಲಸಕ್ಕೆ ಹೋಗುವ ಮೊದಲನೇ ಒಂದೆರಡು ಕಾರು ಹೊರಟ ಹೊತ್ತೇ ಸರಿ. ಎದ್ದ ಕೂಡಲೇ ಮುಂದಕ್ಕೆ ಬಂದು, ಗಾಜು ಒರೆಸಿ, ಹೊರಡುವುದಷ್ಟೇ. ಮುಖ ತೊಳೆಯುವುದು, ಟೀ, ಹಾಸಿಗೆ ಮಡಚುವುದು ಎಲ್ಲಾ ಇನ್ನೊಂದು ಕಡೆ. ಅದೇ ಬೀದಿಗೆ ಮರುದಿನ ರಾತ್ರಿ ವಾಪಸ್ ಬರುವುದಿಲ್ಲ, ಒಂದೇ ಊರಿನಲ್ಲಿ ವಾರಗಟ್ಟಲೆ ಶೋ ಇದ್ದರೂ ಬೀದಿ ಬದಲಿಸುತ್ತೇವೆ. ಕಿಟಕಿಯಲ್ಲಿ ನಿಲ್ಲುವವರಿಗೆ ಒಂದು ರಾತ್ರಿ ನಿಂತ ಗಾಡಿ ಮರೆತುಹೋಗುತ್ತದೆ. ಎರಡನೇ ರಾತ್ರಿಯೂ ಬಂದರೆ ನಂಬರ್ ಬರೆದಿಟ್ಟುಕೊಳ್ಳುತ್ತಾರೆ.

ಟೀ ಕುಡಿಯುವ ಜಾಗದಲ್ಲಿ ಮರೆಯದೆ ಮಾಡುವ ಕೆಲಸ ಒಂದಿದೆ. ಕಿಟಕಿಯ ಫೋಮ್ ಹಲಗೆಗಳನ್ನು ತೆಗೆದು, ಒದ್ದೆ ಬದಿ ಮೇಲೆ ಮಾಡಿ ಬಿಸಿಲಿಗೆ ಹರವಿ. ಹಾಗೇ ಒಂದರ ಮೇಲೊಂದು ಪೇರಿಸಿಟ್ಟರೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ, ಆಮೇಲೆ ಎಷ್ಟು ತೊಳೆದರೂ ಆ ವಾಸನೆ ಹಾಸಿಗೆಯಿಂದ ಹೋಗುವುದಿಲ್ಲ.